ನಲವತ್ತು ಮಶೀನು, ಒಂದೇ ಹೆಸರು

— ಮುಂಜಾನೆ ನೀ ಫೋನಿನ್ಯಾಗ ಯಾರಿಗೋ ಹೇಳಾಕತ್ತಿದ್ದಿ, ‘ನಲವತ್ತು ಮಶೀನ್ ಎಬ್ಬಿಸೇನಿ, ಚಾ ಕುಡಿಯೂದ್ರಾಗ ತಯಾರಾಗತಾವ’ ಅಂತ. ಈ ಮುಗದ ಹಳ್ಳ್ಯಾಗ ಕುಂತು ಯಾವ ಮಶೀನ್ ಎಬ್ಬಿಸಿದೆವ್ವಾ? ನಮ್ಮ ಮನ್ಯಾಗಿನ ಮಿಕ್ಸರ್ ಸೈತ ಒಂದ ಸಲಕ್ಕ ಏಳಂಗಿಲ್ಲ.

— ಅವು ಮುಗದದಾಗ ಇಲ್ಲ ಕಾಕಾ, ಮುಂಬೈದಾಗ ಅದಾವು. ಅಮೆಜಾನ್‌ದವರು 2016ರಾಗ ಅಲ್ಲಿ ಸರ್ವರ್ ಕೇಂದ್ರ ತೆರದ್ರು, 2022ರಾಗ ಹೈದರಾಬಾದಿನ್ಯಾಗ ಇನ್ನೊಂದು. ಅಲ್ಲಿ ಒಂದೊಂದು ದೊಡ್ಡ ಕಂಪ್ಯೂಟರಿನ ಮೆಮರಿ, ಡಿಸ್ಕು, ಪ್ರೊಸೆಸರ್ ಎಲ್ಲಾ ಪಾಲು ಮಾಡಿ ಕೊಡತಾರ. ಒಂದು ಪಾಲಿಗೆ ಒಂದು ವರ್ಚುವಲ್ ಮಶೀನ್. ಅದರೊಳಗಿನ ಲಿನಕ್ಸಿಗೆ ತಾ ಒಂದು ಪೂರಾ ಕಂಪ್ಯೂಟರಿನ ಮ್ಯಾಲೇ ನಡದೇನಿ ಅಂತ ಅನಸ್ತಿರತೈತಿ. ದಸರಾಕ್ಕ ಬಸ್ ಟಿಕೆಟಿನ ವೆಬ್‌ಸೈಟ್ ಮಂದಿ ಗದ್ದಲ ತಡೀತೈತೋ ಇಲ್ಲೋ ನೋಡಬೇಕಾಗಿತ್ತು, ಅದಕ್ಕ ಎಬ್ಬಿಸಿದ್ದು.

— ಪಾಲಿನ ಮಾತು ತಿಳೀತು. ತಿಳೀದಿದ್ದು ಬ್ಯಾರೆ. ಭೂಮಿ ಯೋಜನೆ ಬಂತಲ್ಲ, 2000ನೇ ಇಸವಿ ಸುಮಾರಿಗೆ? ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಆತು. ಆಗ ರಾಜ್ಯದ 170ಕ್ಕೂ ಹೆಚ್ಚು ತಾಲೂಕಿನ್ಯಾಗ ಒಂದೊಂದು ಕಚೇರಿಗೂ ಸರ್ವರ್ ಇಟ್ರು. ಅದನ್ನ ನಡಸಾಂವ ಹೆಬ್ಬಟ್ಟು ಒತ್ತಿದ್ರನ ತೆರೀತಿತ್ತು. ಅಂಥಾ ಒಂದೊಂದು ಮಶೀನಿಗೂ ಮನಶ್ಯಾ ಹೋಗಿ, ಖೋಲ್ಯಾಗ ಕುಂತು, ಸಿಡಿ ಹಾಕಿ, ಹೆಸರು ಕೊಟ್ಟು, ಬೀಗದಂಥಾ ಪಾಸ್‌ವರ್ಡ್ ಇಟ್ಟು ಬರಬೇಕು. ನೀ ನಲವತ್ತಕ್ಕೂ ಹೋಗಿ ಕುಂತಿಲ್ಲಲ್ಲ. ಮತ್ತ ಅವಕ್ಕ ಯಾರು ಹೇಳಿದ್ರು?

— ಸರಿಯಾಗಿ ಹಿಡದ್ರಿ. ನೀವು ಹೇಳಿದ್ರಾಗ ಎರಡು ಕೆಲಸ ಅದಾವು. ಖಾಲಿ ಡಿಸ್ಕಿನ ಮ್ಯಾಲ ಲಿನಕ್ಸೋ ವಿಂಡೋಸೋ ಹಾಕೂದು ಒಂದು. ಹಾಕಿದ ಮ್ಯಾಲ ಆ ಮಶೀನಿಗೆ ನೀ ಯಾರು, ನಿನ್ನೊಳಗ ಯಾರ್ನ ಬಿಟ್ಕೋಬೇಕು, ಏನ್ ಕೆಲಸ ಮಾಡಬೇಕು ಅಂತ ತಿಳಸೂದು ಇನ್ನೊಂದು. ಮೊದಲನೇದು ಎಂದೋ ಬಗೀಹರದೈತಿ. ಹಾಕೂವಾಗ ಅದು ಕೇಳೂ ಪ್ರಶ್ನೆಗೆಲ್ಲಾ ಉತ್ತರ ಒಂದು ಫೈಲಿನ್ಯಾಗ ಮೊದಲ ಬರದಿಡತಿದ್ರು. ರೆಡ್ ಹ್ಯಾಟ್‌ದವರ ಕಿಕ್‌ಸ್ಟಾರ್ಟ್, ಡೆಬಿಯನ್‌ದವರ ಪ್ರಿಸೀಡ್ ಅಂದ್ರ ಅವಽ. ಈಗ ಹಿಂಗ ಬಾಡಿಗಿಗೆ ಸಿಗೂ ಮಶೀನಿಗೆ, ‘ಕ್ಲೌಡ್’ ಅಂದ್ರ ಮೋಡದ ಮಶೀನಿಗೆ, ಅದೂ ಬ್ಯಾಡ. ಒಮ್ಮೆ ಹಾಕಿದ ಡಿಸ್ಕನ್ನ ಇದ್ದಂಗ ಒಂದು ಫೈಲ್ ಮಾಡಿ ಇಟ್ಟಿರತಾರ, ಇಮೇಜ್ ಅಂತ. ಬೇಕಾದಾಗ ಅದರ ನಕಲು ತಗದು ಬೂಟ್ ಮಾಡೂದು. ನಿಮಿಷದ ಮಾತು.

— ಹಂಗಾದ್ರ ಎರಡನೇ ಕೆಲಸಾನೂ ಮುಗದಂಗಾತಲ್ಲ. ಮೂಲ ಬೀಜ ಒಂದು ಚೊಲೋ ಇದ್ರ ಸಾಕು. ನಮ್ಮ ಭತ್ತದ ಕೇಂದ್ರದಾಗ ನಾ ರಿಟೈರ್ ಆಗೂತನಕ ಅದನ್ನಽ ಮಾಡೇನಿ. ಮುಗದ ಸುಗಂಧ ಅನ್ನೂ ಭತ್ತದ ತಳಿಯ ಬೀಜದ ಪ್ಲಾಟಿನ್ಯಾಗ ಒಂದು ಗಿಡ ಗೇಣು ಎತ್ತರ ಬಂತು, ಒಂದು ತೆನಿ ಬ್ಯಾರೆ ಬಣ್ಣ ಕಂಡ್ತು ಅಂದ್ರ ಬುಡಸಮೇತ ಕಿತ್ತು ಒಗಿಯೂದು. ಎಲ್ಲಾ ಒಂದಽ ನಮೂನಿ ಇರಬೇಕು, ಆಗ ರೈತ ನಂಬತಾನ.

— ನಮ್ಮ ದಾರಿ ನಿಮ್ಮ ದಾರಿ ಬ್ಯಾರೆ ಆಗೂದು ಇಲ್ಲೇ ನೋಡ್ರಿ. ಭತ್ತದ ಒಂದು ಗಿಡ ಇನ್ನೊಂದು ಗಿಡಕ್ಕ ಕಾಗದ ಬರಿಯಂಗಿಲ್ಲ. ಹೆಸರಿಲ್ಲದನ ಬೆಳೀತೈತಿ, ತೆನಿ ಹಿಡೀತೈತಿ. ಮಶೀನಿಗೆ ಹೆಸರು ಬೇಕು, ವಿಳಾಸ ಬೇಕು, ನಾ ನಾನಽ ಅಂತ ತೋರಸಾಕ ಕೀಲಿ ಬೇಕು. ಅವು ನಲವತ್ತು ನಕಲಿನ್ಯಾಗೂ ಒಂದಽ ಆಗಿದ್ರ ಕೆಲಸ ಕೆಟ್ಟಂಗ. ಒಂದು ಕಾಲೇಜಿನ ಲ್ಯಾಬಿನ್ಯಾಗ ಹಿಂಗ ಆಗಿತ್ತು. ಹುಡುಗೂರಿಗೆ ಕಲಸಾಕ ಅಂತ ಒಂದು ಉಬುಂಟು ಮಶೀನ್ ಚೊಲೋತ್ನಾಗಿ ಸಿದ್ಧ ಮಾಡಿದ್ರು. ಅದನ್ನ ನಕಲು ಹೊಡದು ಎಲ್ಲಾ ಒಮ್ಮೆಲೆ ಚಾಲೂ ಮಾಡಿದ್ರು. ಎಲ್ಲಾ ಎದ್ದವು. ಆದ್ರ ಎಲ್ಲಾಕ್ಕೂ ಒಂದಽ ಐಪಿ ವಿಳಾಸ ಬಂತು! ಒಬ್ಬಾಂವ ಲಾಗಿನ್ ಆದ್ರ ಇನ್ನೊಬ್ಬಾಂವ ಹೊರಗ ಬೀಳಾಂವ.

— ಅದ್ಯಾಕ ಹಂಗ? ವಿಳಾಸ ಹಂಚಾಕ ಬ್ಯಾರೆ ಒಬ್ಬಾಂವ ಇರತಾನಲ್ಲ?

— ಇರತಾನ, ಡಿಎಚ್‌ಸಿಪಿ ಸರ್ವರ್ ಅಂತ. ಮೊದಲ ಅದು ನೆಟ್‌ವರ್ಕ್ ಕಾರ್ಡಿನ ನಂಬರ್ ನೋಡಿ ಗುರುತ ಹಿಡೀತಿತ್ತು. ಕಾರ್ಡ್ ನಂಬರ್ ಒಂದೊಂದಕ್ಕೂ ಬ್ಯಾರೆ ಇರತಿತ್ತು, ಹಿಂಗಾಗಿ ತ್ರಾಸ ಇರಲಿಲ್ಲ. 18.04 ಆವೃತ್ತಿಯಿಂದ ಉಬುಂಟು ಸರ್ವರ್ ಕಾರ್ಡ್ ನಂಬರ್ ಬಿಟ್ಟು ಬ್ಯಾರೆ ಗುರುತ ಹೇಳಾಕ ಸುರು ಮಾಡ್ತು. ‘ಈಟಿಸಿ’ ಅನ್ನೂ ಫೋಲ್ಡರಿನ್ಯಾಗ ‘ಮಶೀನ್-ಐಡಿ’ ಅಂತ ಒಂದು ಫೈಲ್ ಐತಿ, 32 ಅಕ್ಷರದ್ದು. ಆ ಗುರುತು ಅದರಿಂದ ಹುಟ್ಟತೈತಿ. ನಕಲು ಹೊಡದಾಗ ಆ ಫೈಲೂ ನಕಲಾತು. ವಿಳಾಸ ಹಂಚಾಂವಗ ಎಲ್ಲಾರೂ ಒಬ್ಬನಽ ಆಗಿ ಕಂಡ್ರು. ಒಬ್ಬಗ ಒಂದಽ ವಿಳಾಸ ಕೊಟ್ಟ. ಅವನ ತಪ್ಪೇನೈತಿ?

— ಏನೂ ಇಲ್ಲ. ರೇಶನ್ ಅಂಗಡ್ಯಾಗ ಒಂದಽ ಕಾರ್ಡ್ ನಲವತ್ತ ಮಂದಿ ತಂದಂಗ. ಮತ್ತ ಉಪಾಯ?

— ಇಮೇಜ್ ಮಾಡೂ ಮೊದಲ ಆ ಫೈಲ್ ಖಾಲಿ ಮಾಡಿ ಇಡೂದು. ಫೈಲ್ ಇರಬೇಕು, ಒಳಗ ಏನೂ ಇರಬಾರದು. ಖಾಲಿ ಕಂಡ್ರ ಮಶೀನ್ ಮೊದಲ ಸಲ ಏಳೂವಾಗ ತನ್ನ ಗುರುತು ತಾನಽ ಹುಟ್ಟಿಸಿಕೋತೈತಿ. ಇದರ ಹಿಂದಿನ ವಿಚಾರ ಇಷ್ಟಽ ಕಾಕಾ: ಎಲ್ಲಾರಿಗೂ ಸಮ ಇರೂದು ಇಮೇಜಿನ್ಯಾಗ, ಒಬ್ಬೊಬ್ಬಂದು ಅಂತ ಇರೂದು ಮೊದಲನೇ ಬೂಟಿನ್ಯಾಗ. ಇವೆರಡರ ನಡುವಿನ ಗೆರೆ ಎಲ್ಲಿ ಹಾಕಬೇಕು ಅನ್ನೂದ್ರಾಗ ನನ್ನ ಪಗಾರದ ಅರ್ಧ ಹೋಗತೈತಿ.

— ಪಗಾರ ಎಷ್ಟು ಅಂತ ಇನ್ನೂ ಹೇಳಿಲ್ಲ ನೀ.

— ಅದು ಬಿಡ್ರಿ. ಮೊದಲನೇ ಬೂಟಿನ ಕೆಲಸ ನೋಡಿಕೊಳ್ಳೂ ಪ್ರೋಗ್ರಾಮಿನ ಹೆಸರು ಕ್ಲೌಡ್-ಇನಿಟ್. ಅಮೆಜಾನ್‌ದವರು 2006ರಾಗ ಇಸಿ2 ಅಂತ ಮಶೀನ್ ಬಾಡಿಗಿ ಕೊಡಾಕ ಸುರು ಮಾಡಿದ್ರಲ್ಲ, ಆ ಮಶೀನಿನ ಮ್ಯಾಲ ಉಬುಂಟು ನೆಟ್ಟಗ ಏಳಬೇಕು ಅಂತ ಕನಾನಿಕಲ್ ಕಂಪನಿಯವರು ಪೈಥಾನ್ ಭಾಷಾದಾಗ ಬರದದ್ದು. ಮೊದಲ ಅದರ ಹೆಸರು ಇಸಿ2-ಇನಿಟ್. ಆಮ್ಯಾಲ ಉಳದ ಕಂಪನಿಯವರೂ ಹಿಡಕೊಂಡ್ರು. ಇವತ್ತ ಯಾವ ಮೋಡದಾಗ ಲಿನಕ್ಸ್ ಎದ್ರೂ ಬಹಳಷ್ಟು ಕಡೆ ಮೊದಲ ಮಾತಾಡೂದು ಇದಽ.

— ಯಾರ ಕೂಡ ಮಾತಾಡತೈತಿ? ಆಗಷ್ಟ ಎದ್ದದ್ದಕ್ಕ ಹೆಸರಿಲ್ಲ, ವಿಳಾಸ ಇಲ್ಲ, ನೆಟ್‌ವರ್ಕ್ ಇಲ್ಲ.

— ನಾನೂ ಕಲಿಯಾಕ ಹತ್ತಿದಾಗ ಇಲ್ಲೇ ಸಿಕ್ಕೊಂಡಿದ್ದೆ. ಮೊದಲ ಅದು ತಾ ಎಲ್ಲಿ ಅದೇನಿ ಅಂತ ಅಂದಾಜು ಮಾಡತೈತಿ. ಬಯಾಸ್‌ನ್ಯಾಗ ತಯಾರಕರ ಹೆಸರು ಇರತೈತಲ್ಲ, ವರ್ಚುವಲ್ ಮಶೀನಿನ್ಯಾಗ ಅಲ್ಲಿ ಆ ಮೋಡದವರ ಹೆಸರು ಬರದಿರತೈತಿ. ಅಮೆಜಾನ್ ಅಂತ ಗೊತ್ತಾತು ಅಂದ್ರ ಒಂದು ತಾತ್ಪೂರ್ತಿ ನೆಟ್‌ವರ್ಕ್ ಹಚ್ಚಿಕೊಂಡು 169.254.169.254 ಅನ್ನೂ ವಿಳಾಸಕ್ಕ ಹೋಗಿ ಕೇಳತೈತಿ. ಆ ವಿಳಾಸ ಹೊರಗಿನ ಇಂಟರ್ನೆಟ್ಟಿನ್ಯಾಗ ಎಲ್ಲೂ ಇಲ್ಲ. 169.254ರಿಂದ ಸುರುವಾಗೂ ವಿಳಾಸ ಯಾವ ರೌಟರೂ ಮುಂದ ಕಳಸಬಾರದು ಅಂತ ನೇಮ ಐತಿ. ಹಿಂಗಾಗಿ ಆ ಪ್ರಶ್ನೆ ಮನಿ ಹೊಸ್ತಿಲಾ ದಾಟಂಗಿಲ್ಲ, ಕೆಳಗಿನ ದೊಡ್ಡ ಕಂಪ್ಯೂಟರಽ ಅದನ್ನ ಹಿಡದು ಉತ್ತರ ಕೊಡತೈತಿ: ನಿನ್ನ ಹೆಸರು ಇದು, ನಿನ್ನ ಇನ್‌ಸ್ಟನ್ಸ್ ನಂಬರ್ ಇದು, ಈ ಕೀಲಿ ಇದ್ದವರನ್ನ ಒಳಗ ಬಿಡು, ಮತ್ತ ನಿನ್ನ ಎಬ್ಬಿಸಿದಾಕಿ ಒಂದು ಚೀಟಿ ಕೊಟ್ಟಾಳ, ಹಿಡಿ.

— ಆ ಚೀಟಿ ನೀ ಬರದದ್ದು.

— ಹೌದು. ಯೂಸರ್-ಡೇಟಾ ಅಂತಾರ. ಅಮೆಜಾನ್‌ದಾಗ 16 ಕೆಬಿ ಮ್ಯಾಲ ಇರಬಾರದು. ಅದರಾಗ ಯಾವ ಪ್ಯಾಕೇಜ್ ಹಾಕಬೇಕು, ಯಾವ ಫೈಲ್ ಎಲ್ಲಿ ಬರೀಬೇಕು, ಕೊನೀಗೆ ಯಾವ ಕಮಾಂಡ್ ನಡಸಬೇಕು ಅಂತೆಲ್ಲಾ ಇರತೈತಿ. ಅದು ಓದಿ ಕ್ಲೌಡ್-ಇನಿಟ್ ಸಾಲಿಡದು ಮಾಡಕೋತ ಹೋಗತೈತಿ. ಇಮೇಜು ಸಣ್ಣದು, ಕೊಂಡ ಡಿಸ್ಕು ದೊಡ್ಡದು ಅಂದ್ರ ಡಿಸ್ಕು ತುಂಬೂಹಂಗ ಪಾರ್ಟಿಶನ್ ಹಿಗ್ಗಸ್ತೈತಿ. ಬಳಕಿದಾರರನ್ನ ಹುಟ್ಟಸ್ತೈತಿ. ಎಸ್‌ಎಸ್‌ಎಚ್ ಕೀಲಿ, ಅಂದ್ರ ನಾ ನಾನಽ ಅಂತ ತೋರಸೂ ಕೀಲಿ, ಹೊಸಾದು ಮಾಡತೈತಿ. ಪ್ಯಾಕೇಜು, ಕಮಾಂಡು ಎಲ್ಲಾ ಕಟ್ಟಕಡೀಕ.

— ಚೀಟಿ ಬರಿಯೂದ್ರಾಗ ಏನರ ತಪ್ಪಿದ್ರ?

— ಅದಽ ಸಿಟ್ಟು ಬರೂ ವಿಷಯ. ಬರಿಯೂ ರೀತಿಗೆ ಯಾಮೆಲ್ ಅಂತಾರ. ಸಾಲಿನ ಮುಂದ ಎಷ್ಟು ಜಾಗಾ ಬಿಟ್ಟಿ ಅನ್ನೂದ್ರ ಮ್ಯಾಲ ಅರ್ಥ ನಿಂತೈತಿ, ಟ್ಯಾಬ್ ಒತ್ತಿದಿ ಅಂದ್ರ ಕೆಟ್ಟಿತು. ಅದಕ್ಕಿಂತ ಕೆಟ್ಟದ್ದು ಮೊದಲನೇ ಸಾಲು. ಅಲ್ಲಿ ಹ್ಯಾಶ್ ಗುರುತು ಹಾಕಿ ‘ಕ್ಲೌಡ್-ಕಾನ್ಫಿಗ್’ ಅಂತ ಬರೀಬೇಕು. ಮರತ್ರ ಇಡೀ ಚೀಟಿ ಅದಕ್ಕ ತಿಳಿಯಂಗಿಲ್ಲ. ಆದ್ರೂ ಮಶೀನ್ ಏಳತೈತಿ, ನಕ್ಕೋತ ನಿಂತಿರತೈತಿ. ಚೀಟ್ಯಾಗ ಬರದದ್ದು ಒಂದೂ ಆಗಿರಂಗಿಲ್ಲ. ಲಾಗ್ ಫೈಲಿನ್ಯಾಗ ಒಂದು ಸಾಲು ಎಚ್ಚರಿಕಿ ಬರದಿರತೈತಿ, ಅಷ್ಟಽ.

— ಬಾಯಿಬಿಟ್ಟು ಬೈದಿದ್ರ ಚೊಲೋ ಇತ್ತು.

— ನನಗೂ ಹಂಗ ಅನಸ್ತೈತಿ. ಅದಕ್ಕ ಈಗ ಚೀಟಿ ಕಳಸೂ ಮೊದಲ ನಮ್ಮ ಲ್ಯಾಪ್‌ಟಾಪಿನ್ಯಾಗ ತಪಾಸಣಿ ಮಾಡೂ ಕಮಾಂಡ್ ಐತಿ, ಸ್ಕೀಮಾ ಅಂತ. ಇಲ್ಲಿ ನೆಟ್‌ವರ್ಕ್ ಹೋಗಿಬಿಡತೈತಲ್ಲ, ಆಗ ನಾ ಇನ್ನೊಂದು ಮಾಡತೇನಿ. ಲ್ಯಾಪ್‌ಟಾಪಿನ್ಯಾಗ ವರ್ಚುವಲ್ ಮಶೀನ್ ನಡಸೂ ಕೆವಿಎಂ ಐತಿ, 2007ರಿಂದ ಲಿನಕ್ಸಿನೊಳಗ ಬಂದದ್ದು. ಚೀಟಿಯನ್ನ ಒಂದು ಸಣ್ಣ ಡಿಸ್ಕ್ ಫೈಲ್ ಮಾಡಿ, ಅದಕ್ಕ ‘ಸಿಐಡೇಟಾ’ ಅಂತ ಲೇಬಲ್ ಹಚ್ಚಿ ಮಶೀನಿಗೆ ಜೋಡಸೂದು. ಕ್ಲೌಡ್-ಇನಿಟ್ ಆ ಲೇಬಲ್ ಕಂಡ್ರ 169ರ ವಿಳಾಸ ಹುಡುಕಂಗಿಲ್ಲ, ಡಿಸ್ಕಿನ್ಯಾಗಿಂದಽ ಓದಿಕೋತೈತಿ. ಇದಕ್ಕ ನೋ-ಕ್ಲೌಡ್ ಅಂತಾರ. ಮುಂಬೈದಾಗ ಒಂದು ಪೈಸೆ ಖರ್ಚಿಲ್ಲದನ, ಚೀಟಿ ನೆಟ್ಟಗೈತೋ ಇಲ್ಲೋ ಇಲ್ಲೇ ತಿಳೀತೈತಿ.

— ಇರಲಿ. ಮಶೀನ್ ಬಂದ್ ಮಾಡಿ ಮತ್ತ ಎಬ್ಬಿಸಿದ್ರ? ಮತ್ತ ಹೊಸಾ ಹೆಸರು, ಹೊಸಾ ಕೀಲಿ ಮಾಡಿಕೋತೈತೇನು? ದಿನಾ ಮುಂಜಾನೆ ಹೊಸಾ ಮನಶ್ಯಾ?

(ಇಲ್ಲಿ ಅಳ್ನಾವರ ಕಡೆ ಹೋಗುವ ಗಾಡಿಯೊಂದು ಬಂತು. ಅದರ ಸದ್ದು ಕರಗುವ ತನಕ ಮಾತು ನಿಂತಿತು. ಆಕೆಗೆ ಯೋಚಿಸಲು ಅಷ್ಟು ಹೊತ್ತು ಬೇಕಾಗಿತ್ತೆಂದು ಕಾಣುತ್ತದೆ.)

— ಮೊದಲ ಸಲ ಅನ್ನೂದು ಮಶೀನಿಗೆ ತಾನಾಗೇ ತಿಳಿಯಂಗಿಲ್ಲ ಕಾಕಾ. ಅದಕ್ಕ ಹಿಂಗ ಮಾಡ್ಯಾರ. ಆ 169ರ ವಿಳಾಸದಿಂದ ಬಂದ ಇನ್‌ಸ್ಟನ್ಸ್ ನಂಬರನ್ನ ಅದು ತನ್ನ ಡಿಸ್ಕಿನ್ಯಾಗ ಬರದಿಟ್ಟುಕೋತೈತಿ. ಮುಂದಿನ ಸಲ ಎದ್ದಾಗ ಮತ್ತ ಕೇಳತೈತಿ. ಅದಽ ನಂಬರ್ ಬಂತಂದ್ರ ನಾ ಹಳೇ ಮನಶ್ಯಾ, ಒಮ್ಮೆ ಮಾಡೂ ಕೆಲಸ ಆಗ್ಯಾವ ಅಂತ ಸುಮ್ಮನಾಗತೈತಿ. ನಂಬರ್ ಬ್ಯಾರೆ ಬಂತಂದ್ರ, ಡಿಸ್ಕಿನ್ಯಾಗ ಏನರ ಇರಲಿ, ನಾ ಹೊಸಾಬ ಅಂತ ಮೊದಲಿಂದ ಸುರು ಹಚ್ಚತೈತಿ.

— ಹಂಗಾದ್ರ ಓಡಾಕತ್ತಿದ್ದ ಮಶೀನಿನ ಇಮೇಜ್ ತಗದು ಅದರಿಂದ ಇನ್ನೊಂದು ಎಬ್ಬಿಸಿದ್ರ?

— ಹೊಸಾ ನಂಬರ್, ಅಂದಮ್ಯಾಲ ಹೊಸಾ ಜನ್ಮ. ಚೀಟ್ಯಾಗ ‘ಡೇಟಾಬೇಸ್ ಹೊಸಾದು ಮಾಡು’ ಅಂತ ಕಮಾಂಡ್ ಇತ್ತಂದ್ರ ಇದ್ದ ಡೇಟಾ ಹೋತು. ಎಷ್ಟೋ ಮಂದಿ ಹಿಂಗ ಕೈ ಸುಟ್ಟಕೊಂಡಾರ. ಚೀಟ್ಯಾಗಿನ ಕೆಲಸ ಎರಡು ಸಲ ನಡದ್ರೂ ಕೆಡಬಾರದು, ಹಂಗ ಬರೀಬೇಕು. ಇದ್ರ ಮುಟ್ಟಬ್ಯಾಡ, ಇಲ್ಲಂದ್ರ ಮಾಡು ಅಂತ.

— ಕೀಲಿ ತಾನಽ ಹುಟ್ಟಿಸಿಕೋತೈತಿ ಅಂದಿ. ಅದು ಮತ್ತ ಯಾರದೂ ಇಲ್ಲದ್ದು ಅಂತ ಹೆಂಗ ಖಾತ್ರಿ?

— ನಿಮಗ ಯಾರಾದ್ರೂ ಹೇಳಿಕೊಟ್ಟಾರೇನ್ರಿ? ಇದನ್ನಽ ಕಂಪ್ಯೂಟರ್ ಮಂದಿ 2012ರಾಗ ಇಡೀ ಇಂಟರ್ನೆಟ್ಟಿನ ಮ್ಯಾಲ ಪರೀಕ್ಷಾ ಮಾಡಿ ನೋಡಿದ್ರು! ಕೀಲಿ ಮಾಡಾಕ ಊಹಿಸಾಕ ಬಾರದ ಅಂಕಿ ಬೇಕು. ಕಂಪ್ಯೂಟರ್ ಅದನ್ನ ತನ್ನೊಳಗ ನಡಿಯೂ ಗಡಿಬಿಡಿಯಿಂದ ಕೂಡಿಸಿಕೋತೈತಿ: ಡಿಸ್ಕು ಯಾವ ಕ್ಷಣಕ್ಕ ಉತ್ತರ ಕೊಡ್ತು, ಕೀಬೋರ್ಡ್ ಯಾವಾಗ ಒತ್ತಿದ್ರು, ಇಂಥಾವು. ಆಗಷ್ಟ ಎದ್ದ ಮಶೀನಿನ್ಯಾಗ ಏನ್ ಗಡಿಬಿಡಿ ಇರತೈತಿ? ನಾಡಿಯಾ ಹೆನಿಂಗರ್ ಮತ್ತ ಅವರ ಜೋಡೀದಾರರು ಇಂಟರ್ನೆಟ್ಟಿನ್ಯಾಗ ಕಂಡ ಕೀಲಿ ಎಲ್ಲಾ ಕೂಡಿಸಿ ಲೆಕ್ಕ ಹಾಕಿದ್ರು. ವೆಬ್ ಸರ್ಟಿಫಿಕೇಟಿನ್ಯಾಗ ನೂರಕ್ಕ 0.75ರಷ್ಟು ಹಿಂಗ ಇನ್ನೊಬ್ಬರ ಕೀಲಿನಽ ಹೊತ್ತಿದ್ದವು. ನೂರಕ್ಕ 0.5ರಷ್ಟು ಸರ್ವರಿನ ಗುಟ್ಟಿನ ಕೀಲಿನಽ ಲೆಕ್ಕ ಮಾಡಿ ಹೊರಗ ತಗದ್ರು. ಹೆಚ್ಚಿನವು ರೌಟರ್, ಫೈರ್‌ವಾಲ್‌ನಂಥಾ ಸಣ್ಣ ಡಬ್ಬಿ, ಎದ್ದ ಕೂಡಲೇ ಕೀಲಿ ಮಾಡಿದವು. ಈಗ ವರ್ಚುವಲ್ ಮಶೀನಿಗೆ ಕೆಳಗಿನ ಕಂಪ್ಯೂಟರಿನಿಂದ ಆ ಗಡಿಬಿಡಿಯ ಪಾಲು ಕೊಡೂ ದಾರಿ ಮಾಡ್ಯಾರ.

— ಇನ್ನೊಂದು ಕೇಳತೇನಿ. ಆ 169ರ ಮನಶ್ಯಾಗ ಮಶೀನ್ ಹೆಸರು ಕೇಳ್ತು, ಆಂವ ಕೊಟ್ಟ. ನಾ ನಡುವ ಹೋಗಿ ಕೇಳಿದ್ರ ನನಗೂ ಕೊಡತಾನೇನು?

— ಹೊರಗ ನಿಂತು ಕೇಳಿದ್ರ ಕೊಡಂಗಿಲ್ಲ. ಮಶೀನಿನ ಒಳಗಿಂದ ಕೇಳಿದ್ರ ಯಾರಿಗಾದ್ರೂ ಕೊಡತಾನ. ಅಲ್ಲೇ ಒಂದು ದೊಡ್ಡ ಅನಾಹುತ ಆತು. 2019ರಾಗ ಅಮೆರಿಕಾದ ಕ್ಯಾಪಿಟಲ್ ಒನ್ ಬ್ಯಾಂಕಿನ ಒಂದು ಸರ್ವರಿನ ಫೈರ್‌ವಾಲ್ ನೆಟ್ಟಗ ಹಚ್ಚಿರಲಿಲ್ಲ. ಹೊರಗಿನಾಕಿ ಒಬ್ಬಾಕಿ ಅದಕ್ಕ ‘ನನ್ನ ಪರವಾಗಿ ಈ ವಿಳಾಸಕ್ಕ ಹೋಗಿ ಕೇಳಿಕೊಂಡ ಬಾ’ ಅಂತ ಹಚ್ಚಿಕೊಟ್ಲು. ಆ ಸರ್ವರ್ ಪಾಪ ಒಳಗಿನದಽ. 169ರ ವಿಳಾಸಕ್ಕ ಹೋಗಿ ಕೇಳ್ತು, ಅಲ್ಲಿಂದ ಬಂದ ತಾತ್ಪೂರ್ತಿ ಕೀಲಿ ತಂದು ಕೈಯಾಗ ಕೊಡ್ತು. ಅಮೆರಿಕಾದ ಸುಮಾರು 10 ಕೋಟಿ, ಕೆನಡಾದ 60 ಲಕ್ಷ ಮಂದಿಯ ಮಾಹಿತಿ ಹೊರಗ ಹೋತು.

— ಅಷ್ಟ ಮಂದೀದು! ಬರೇ ಕೇಳಿದ್ದಕ್ಕ?

— ಬರೇ ಕೇಳಿದ್ದಕ್ಕ. ಆ ವರ್ಷ ನವೆಂಬರಿನ್ಯಾಗ ಅಮೆಜಾನ್‌ದವರು ಕೇಳೂದಕ್ಕ ಒಂದು ಹೊಸಾ ಬಿಗಿ ರೀತಿ ತಂದ್ರು. ಅದನ್ನ ಕಡ್ಡಾಯ ಮಾಡಿದ ಮಶೀನಿನ್ಯಾಗ ಮೊದಲ ಒಂದು ಟೋಕನ್ ತಗೋಬೇಕು, ಅದನ್ನ ತೋರಿಸಿದ್ರ ಮಾತ್ರ ಉತ್ತರ. ಟೋಕನ್ ಕೇಳೂ ರೀತಿ ಬ್ಯಾರೆ ಇರೂದ್ರಿಂದ, ಮರಳು ಮಾಡಿ ಕಳಿಸಿದ ಸರ್ವರಿಗೆ ಅದು ಸರಳ ಸಿಗಂಗಿಲ್ಲ. ಆದ್ರೂ ನಾ ಚೀಟ್ಯಾಗ ಪಾಸ್‌ವರ್ಡ್ ಬರಿಯಂಗಿಲ್ಲ. ಮಶೀನಿನೊಳಗ ಓಡೂ ಯಾವ ಪ್ರೋಗ್ರಾಮ್ ಬೇಕಾದ್ರೂ ಆ ಚೀಟಿ ಓದಬಹುದು. ಗುಟ್ಟು ಇಡಾಕ ಬ್ಯಾರೆ ಕಪಾಟು ಐತಿ, ಚೀಟ್ಯಾಗ ಕಪಾಟಿನ ಜಾಗಾ ಅಷ್ಟಽ ಬರದಿರಬೇಕು.

— ಒಂದು ಮಾತು ನನ್ನ ತಲ್ಯಾಗ ಕುಂತಿಲ್ಲ. ಗೆರೆ ಎಲ್ಲಿ ಹಾಕಬೇಕು ಅನ್ನೂದ್ರಾಗ ಪಗಾರ ಹೋಗತೈತಿ ಅಂದಿ. ಚೀಟ್ಯಾಗ ಎಲ್ಲಾ ಬರದ್ರೇನು ತಪ್ಪು? ಇಮೇಜ್ ಖಾಲಿ ಇರಲಿ, ಎದ್ದ ಮ್ಯಾಲ ಎಲ್ಲಾ ಹಾಕಿಕೊಳ್ಳಲಿ.

— ಹಂಗ ಮಾಡೂ ಮಂದಿ ಅದಾರ. ಬಹಳ ಅದಾರ. ನನಗ ಸೇರಂಗಿಲ್ಲ. ದಸರಾದ ಹಿಂದಿನ ದಿನ ಗದ್ದಲ ಏರಿತು, ಹತ್ತು ಮಶೀನ್ ಹೆಚ್ಚಿಗಿ ಬೇಕಾದವು. ಅವು ಎದ್ದು, ಇಂಟರ್ನೆಟ್ಟಿನಿಂದ ಪ್ಯಾಕೇಜ್ ಇಳಿಸಿಕೊಂಡು, ಹಾಕಿಕೊಂಡು ತಯಾರಾಗೂದ್ರಾಗ ಐದಾರು ನಿಮಿಷ ಹೋದ್ರ ಅಷ್ಟೂ ಹೊತ್ತು ಮಂದಿ ಸ್ಕ್ರೀನ್ ನೋಡಕೋತ ಕುಂತಿರತಾರ. ಅದೂ ಅಲ್ಲದ ನಿನ್ನೆ ಇಳಿಸಿದ ಪ್ಯಾಕೇಜಽ ಇವತ್ತ ಬರತೈತಿ ಅಂತ ಏನ್ ಖಾತ್ರಿ? ರಾತ್ರಿ ಹೊಸಾ ಆವೃತ್ತಿ ಬಂದಿರತೈತಿ. ನಿನ್ನಿನ ಮೂವತ್ತು ಒಂದು ನಮೂನಿ, ಇವತ್ತಿನ ಹತ್ತು ಇನ್ನೊಂದು. ಭಾರ ಇರೂದೆಲ್ಲಾ ಇಮೇಜಿನ್ಯಾಗ ಮೊದಲಽ ತುಂಬಿಡಬೇಕು. ಚೀಟ್ಯಾಗ ಹತ್ತಿಪ್ಪತ್ತು ಸಾಲು ಸಾಕು.

— ನೋಡು, ಬೆರಕಿ ಗಿಡ ಕೀಳೂ ಮಾತಿಗೆ ನೀನೂ ಬಂದಿ.

— ಅಷ್ಟರ ಮಟ್ಟಿಗೆ ಬಂದೆ, ಒಪ್ಪಿದೆ.

— ಹತ್ತಿಪ್ಪತ್ತು ಸಾಲಿನ್ಯಾಗ ಒಂದು ತಪ್ಪಿತು ಅಂತ ತಿಳಿ. ಆಗ ಮಶೀನ್ ಏನ್ ಮಾಡತೈತಿ?

— ಕ್ಲೌಡ್-ಇನಿಟ್ ಆದ್ರ ಲಾಗ್ ಫೈಲಿನ್ಯಾಗ ಬರದು ಮುಂದಿನದಕ್ಕ ಹೋಗತೈತಿ. ಎದ್ದಿದ್ದು ಎದ್ದಿರತೈತಿ, ಅರ್ಧಂಬರ್ಧ ತಯಾರಾಗಿ. ಇದಕ್ಕ ತದ್ವಿರುದ್ಧ ಇನ್ನೊಂದು ಐತಿ, ಇಗ್ನಿಶನ್ ಅಂತ. ಕೋರ್‌ಓಎಸ್ ಕಂಪನಿಯವರದು, 2018ರಾಗ ರೆಡ್ ಹ್ಯಾಟ್‌ದವರು ಆ ಕಂಪನಿನಽ ಕೊಂಡ್ರು. ಅದು ಲಿನಕ್ಸ್ ಪೂರಾ ಏಳೂ ಮೊದಲಽ, ಡಿಸ್ಕಿನ ಬಾಗಲಾ ತೆರಿಯೂ ಹೊತ್ತಿನ್ಯಾಗಽ ತನ್ನ ಕೆಲಸ ಮುಗಸ್ತೈತಿ. ಒಂದು ಸಾಲು ತಪ್ಪಿದ್ರ ಮಶೀನಽ ಏಳಂಗಿಲ್ಲ. ಅಲ್ಲೇ ನಿಂತುಬಿಡತೈತಿ.

— ಅದಽ ಚೊಲೋ! ಅರ್ಧಂಬರ್ಧ ಎದ್ದಿದ್ದಕ್ಕಿಂತ ಏಳದಿದ್ದದ್ದಽ ವಾಸಿ. ಏಳಲಿಲ್ಲ ಅಂದ್ರ ಬಂದು ನೋಡತಾರ. ಎದ್ದು ನಿಂತದ್ದನ್ನ ಯಾರು ನೋಡತಾರ?

— ಕಾಕಾ, ರಾತ್ರಿ ಎರಡು ಗಂಟೆಕ್ಕ ಎದ್ದು ನೋಡಾಕಿ ನಾನಽ. ಮಶೀನ್ ಏಳಲಿಲ್ಲ ಅಂದ್ರ ಒಳಗ ಹೋಗಿ ಏನಾತು ಅಂತ ನೋಡಾಕೂ ಬರಂಗಿಲ್ಲ, ಕನ್ಸೋಲಿನ ಕರೇ ಸ್ಕ್ರೀನ್ ಓದಕೋತ ಕುಂದರಬೇಕು. ಅರ್ಧಂಬರ್ಧ ಎದ್ರೂ ಒಳಗ ಹೊಕ್ಕು ಲಾಗ್ ನೋಡಬಹುದು.

— ನಿನ್ನ ನಿದ್ದಿ ಮಾತು ಬ್ಯಾರೆ. ಟಿಕೆಟ್ ಕೊಳ್ಳಾಂವನ ಮಾತು ಹೇಳು. ಅರ್ಧ ತಯಾರಾದ ಮಶೀನಿಗೆ ಆಂವ ಹೋದ್ರ ರೊಕ್ಕ ಕಟ್ಟೂ ಹೊತ್ತಿಗೆ ಕೈಕೊಡತೈತಿ.

— ಹೋಗಂಗಿಲ್ಲ. ಅವನ ಮುಂದ ಲೋಡ್ ಬ್ಯಾಲೆನ್ಸರ್ ಅಂತ ಒಂದು ನಿಂತಿರತೈತಿ, ಬಂದವರನ್ನ ಮಶೀನಿಗೆ ಹಂಚಾಕ. ನನ್ನ ಚೀಟ್ಯಾಗ ಕಡೇ ಕೆಲಸ ಒಂದು ಪುಟ್ಟ ಫೈಲ್ ಬರಿಯೂದು. ಮೊದಲಿನ ಎಲ್ಲಾ ಸಾಲು ಸರಿ ನಡದಿದ್ರ ಮಾತ್ರ ಅದು ಬರತೈತಿ. ಲೋಡ್ ಬ್ಯಾಲೆನ್ಸರ್ ಹತ್ತು ಸೆಕೆಂಡಿಗೊಮ್ಮೆ ಆ ಫೈಲ್ ಐತೇನು ಅಂತ ಕೇಳತಿರತೈತಿ. ಇಲ್ಲಂದ್ರ ಆ ಮಶೀನಿಗೆ ಒಬ್ಬನ್ನೂ ಕಳಸಂಗಿಲ್ಲ, ಎಷ್ಟ ಹೊತ್ತು ಎದ್ದು ನಿಂತಿದ್ರೂ ಅಷ್ಟಽ.

— ಇದನ್ನ ಮೊದಲಽ ಹೇಳಬೇಕಿತ್ತು. ಈಗ ಆ ನಲವತ್ತರಾಗ ಎಷ್ಟು ಫೈಲ್ ಬರದಾವು?

— ಮೂವತ್ತೊಂಬತ್ತು. ಉಳದ ಒಂದರ ಲಾಗ್ ನೋಡಾಕಽ ಒಳಗ ಹೊಂಟಿದ್ದೆ, ನೀವು ಹಿಡಕೊಂಡ್ರಿ.